ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ನಮ್ಮ ಅಡಿಕೆ ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯಲು ಇಪ್ಪತ್ತು ವರ್ಷದಿಂದ ಬರುವುದು ಒಬ್ಬರೇ. ಕೊನೆಗಾರರ ಕೆಲಸ ನೋಡಿದವರಿಗೆ ಗೊತ್ತು, ಅವರು ಪ್ರತಿ ಅಡಿಕೆ ಮರವನ್ನೂ ಹತ್ತಿ ಇಳಿಯುವುದಿಲ್ಲ. ಒಂದನ್ನು ಹತ್ತಿದರೆ, ಅಲ್ಲೇ ಐವತ್ತು ಅಡಿ ಮೇಲೆ ಕೂತು ಪಕ್ಕದ ಮರದ ತಲೆಯನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾರೆ. ಅಲ್ಲಿಂದ ಮತ್ತೊಂದಕ್ಕೆ. ಹೋದ ವರ್ಷ ಹಾಗೆ ದಾಟುವಾಗ ಒಂದು ಮರವನ್ನು ಎಳೆದವರು ಅರ್ಧಕ್ಕೇ ಕೈಬಿಟ್ಟರು. "ಇದು ಬೇಡ" ಅಂದರು. ಕೆಳಗೆ ಕೊನೆ ಇಳಿಸುವ ಹಗ್ಗ, ಅಂದರೆ ನೇಣು, ಹಿಡಿದಿದ್ದ ಹುಡುಗ "ಮೂರು ಕೊನೆ ಇದೆಯಲ್ಲಾ" ಅಂತ ಕೂಗಿದ. "ಇರಲಿ ಬಿಡು."

ಊಟದ ಹೊತ್ತಿಗೆ ನಾನೂ ಕೇಳಿದೆ. ಆ ಮರಕ್ಕೆ ಏನಾಗಿತ್ತು? ಅವರು ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಸರಿ ಇಲ್ಲ ಅದು." ಹೇಗೆ ಗೊತ್ತಾಯಿತು? "ಗೊತ್ತಾಗ್ತದೆ." ಅಷ್ಟೇ. ಗುಟ್ಟು ಮಾಡುವ ಮನುಷ್ಯ ಅಲ್ಲ ಅವರು. ಹೇಳಲು ನಿಜವಾಗಿ ಯೋಚಿಸಿದರು, ಹೇಳಲು ಏನೂ ಸಿಗಲಿಲ್ಲ.

ಇಂಥ ತಿಳಿವಳಿಕೆಗೆ ಕನ್ನಡದಲ್ಲಿ ಒಂದು ಪುಟ್ಟ ಪದ ಇದೆ: ಹದ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಇಳಿಸುವ ಗಳಿಗೆ ಯಾವುದು ಅಂತ ಹಳಬರನ್ನು ಕೇಳಿ. "ಹದ ಬಂದಾಗ" ಅನ್ನುತ್ತಾರೆ. ಹದ ಅಂದರೇನು ಅಂತ ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಹಂಗೆರಿಯಲ್ಲಿ ಹುಟ್ಟಿ, ರಸಾಯನ ವಿಜ್ಞಾನಿಯಾಗಿ ಹೆಸರು ಮಾಡಿ, ಆಮೇಲೆ ತತ್ವಶಾಸ್ತ್ರಕ್ಕೆ ಹೊರಳಿದ ಮೈಕೆಲ್ ಪೊಲಾನಿ ಇದನ್ನೇ ಜೀವಮಾನದ ವಿಷಯ ಮಾಡಿಕೊಂಡರು. ನಾವು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ನಮಗೆ ಗೊತ್ತಿರುವುದು ಯಾವಾಗಲೂ ಜಾಸ್ತಿ ಅನ್ನುವುದು ಅವರ ವಾದದ ತಿರುಳು. ಸೈಕಲ್ ಹೊಡೆಯುವವರು ಯಾರೂ ಬೀಳದೆ ಇರುವುದು ಹೇಗೆ ಅಂತ ಬರೆದುಕೊಡಲಾರರು. ಬರೆದುಕೊಟ್ಟರೂ ಅದನ್ನು ಓದಿ ಯಾರೂ ಸೈಕಲ್ ಕಲಿಯಲಾರರು.

ಪಾಕದ ಹದ ತಪ್ಪಿದರೆ ಒಂದು ಕೊಪ್ಪರಿಗೆ ಬೆಲ್ಲ ಹಾಳು. ಗಣಿ, ವಿಮಾನ, ಅಣುಸ್ಥಾವರ, ಅಗ್ನಿಶಾಮಕ ದಳ, ವಿದ್ಯುತ್ ಕಂಬ, ಇಲ್ಲೆಲ್ಲ ಹದ ತಪ್ಪಿದರೆ ಜೀವ ಹೋಗುತ್ತದೆ. ಹಾಗಾಗಿ ಒಬ್ಬರ ಕೈಯಲ್ಲಿರುವ ಹದ ಇನ್ನೊಬ್ಬರ ಕೈಗೆ ದಾಟುವುದು ಹೇಗೆ ಅನ್ನುವುದು ಅಲ್ಲಿ ಸುಮ್ನೆ ಪಂಡಿತರ ಚರ್ಚೆ ಅಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಎಷ್ಟೆಂದರೆ, ಒಮ್ಮೊಮ್ಮೆ ಅದು ತಾನಾಗಿ ಸಿಡಿಯುತ್ತದೆ. ಮೊದಮೊದಲು ಇದನ್ನು ಏರ್ ಬ್ಲಾಸ್ಟ್ ಅಂತ ಕರೆಯುತ್ತಿದ್ದರು, ಆಮೇಲೆ ರಾಕ್ ಬರ್ಸ್ಟ್ ಅನ್ನುವ ಹೆಸರು ನಿಂತಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ತಮಿಳು ಮಾತಾಡುವವರು, ತೆಲುಗು ಮಾತಾಡುವವರು, ಕನ್ನಡದವರು ಒಂದೇ ಸುರಂಗದಲ್ಲಿ ಕೆಲಸ ಮಾಡಿದ ಜಾಗ ಅದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಆದರೆ ಬಂಡೆಯ ಭಾಷೆ ಎಲ್ಲರಿಗೂ ಒಂದೇ.

ಲೋಕದ ಯಾವ ಗಣಿಗೆ ಹೋದರೂ ಸ್ಫೋಟ ಆದ ಮೇಲೆ ಮಾಡುವ ಕೆಲಸ ಒಂದಿದೆ. ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಮೇಲ್ಛಾವಣಿಯನ್ನು ಕುಟ್ಟಿ ನೋಡುವುದು. ಗಟ್ಟಿ ಬಂಡೆ ಗಂಟೆಯ ಹಾಗೆ ಟಣ್ ಅನ್ನುತ್ತದೆ. ಒಳಗೆ ಬಿರುಕು ಬಿಟ್ಟದ್ದು ಡಬ್ ಡಬ್ ಅನ್ನುತ್ತದೆ, ಹಳೆ ತಮಟೆಯ ಹಾಗೆ. ಸಡಿಲ ಇದ್ದದ್ದನ್ನು ಮೊದಲು ಕೆಡವಿ, ಆಮೇಲೆ ಜನ ಒಳಗೆ ಹೋಗಬೇಕು. ಇಷ್ಟನ್ನು ಪುಸ್ತಕದಲ್ಲಿ ಬರೆಯಬಹುದು, ಬರೆದೂ ಇದ್ದಾರೆ. ಬರೆಯಲು ಆಗದೇ ಇರುವುದು ಟಣ್ ಮತ್ತು ಡಬ್ ನಡುವೆ ಇರುವ ಹತ್ತಾರು ಸದ್ದುಗಳು. ಅವು ಕಿವಿಗೆ ಹತ್ತಲು ಹಳಬರ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ಕೇಳಬೇಕು. ಬಂಡೆಯ ನಡುಕ ಅಳೆಯುವ ಯಂತ್ರಗಳು ಬಂದವು, 1988ರಲ್ಲಿ ಅದೇ ಊರಿನಲ್ಲಿ ಶಿಲಾ ಯಂತ್ರಶಾಸ್ತ್ರದ ರಾಷ್ಟ್ರೀಯ ಸಂಸ್ಥೆಯೂ ಶುರುವಾಯಿತು. ಯಂತ್ರ ಇಡೀ ಗಣಿಯ ಲೆಕ್ಕ ಹೇಳುತ್ತದೆ. ಈಗ ನನ್ನ ತಲೆಯ ಮೇಲಿರುವ ಈ ಕಲ್ಲು ಹೇಗಿದೆ ಅನ್ನುವುದಕ್ಕೆ ಸಲಾಕೆಯೇ ಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪಳಗಿದವರಿಗೆ ಯಾಕೆ ಹೇಳಲು ಬರುವುದಿಲ್ಲ?

1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಮತ್ತು ಅವರ ತಂಡ ಅಗ್ನಿಶಾಮಕ ದಳದ ಅಧಿಕಾರಿಗಳನ್ನು ಮಾತಾಡಿಸುತ್ತಾ ಹೋಯಿತು. ಬೆಂಕಿಯ ಎದುರು ನಿಂತು ನೀವು ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಅಂತ ಅವರ ಪ್ರಶ್ನೆ. ಒಬ್ಬರು, ನಾನು ತೀರ್ಮಾನ ಗೀರ್ಮಾನ ಏನೂ ತೆಗೆದುಕೊಂಡೇ ಇಲ್ಲ, ಏನು ಮಾಡಬೇಕೋ ಅದನ್ನು ಮಾಡಿದ್ದೇನೆ ಅಷ್ಟೆ, ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಇನ್ನೊಬ್ಬರು ತನಗೆ ಅತೀಂದ್ರಿಯ ಶಕ್ತಿ ಇದೆ ಅಂತಲೇ ನಂಬಿದ್ದರು. ಕಾರಣವೂ ಇತ್ತು. ಒಂದು ಚಿಕ್ಕ ಮನೆ, ಹಿಂದಿನ ಅಡುಗೆಮನೆಯಲ್ಲಿ ಬೆಂಕಿ. ಇವರ ತಂಡ ಹಾಲ್‌ನಲ್ಲಿ ನಿಂತು ಅಡುಗೆಮನೆಗೆ ನೀರು ಹೊಡೆಯಿತು. ಬೆಂಕಿ ಬಗ್ಗಲಿಲ್ಲ. ಮತ್ತೆ ಹೊಡೆದರು, ಮತ್ತೆ ಎದ್ದಿತು. ಇವರಿಗೆ ಏನೋ ಇರುಸುಮುರುಸು. "ಎಲ್ಲ ಹೊರಗೆ ನಡೀರಿ" ಅಂದರು. ಹೊರಗೆ ಬಂದ ಮೇಲೆ ಅವರು ನಿಂತಿದ್ದ ನೆಲವೇ ಕುಸಿದು ಹೋಯಿತು. ಬೆಂಕಿಯ ಮೂಲ ನೆಲಮಾಳಿಗೆಯಲ್ಲಿತ್ತು. ಆ ಮನೆಗೆ ನೆಲಮಾಳಿಗೆ ಇದೆ ಅನ್ನುವುದೇ ಇವರಿಗೆ ಗೊತ್ತಿರಲಿಲ್ಲ.

ಕ್ಲೈನ್ ತಂಡ ಅವರನ್ನು ಕೂರಿಸಿಕೊಂಡು ಆ ಕೆಲವು ನಿಮಿಷಗಳನ್ನು ಒಂದೊಂದಾಗಿ ಬಿಚ್ಚಿಸಿತು. ಆಗ ಮೂರು ಸಂಗತಿ ಹೊರಬಂದವು. ಅಷ್ಟು ನೀರಿಗೆ ಆ ಗಾತ್ರದ ಬೆಂಕಿ ಬಗ್ಗಬೇಕಿತ್ತು, ಬಗ್ಗಲಿಲ್ಲ. ಅಡುಗೆಮನೆಯ ಬೆಂಕಿಗೆ ಹಾಲ್ ಅಷ್ಟೊಂದು ಕಾಯಬಾರದಿತ್ತು, ಕಾದಿತ್ತು. ಅಷ್ಟು ಕಾವು ಇರುವಲ್ಲಿ ಬೆಂಕಿಯ ಸದ್ದೂ ಜೋರಾಗಿರಬೇಕಿತ್ತು, ಆದರೆ ಮನೆ ಮೌನವಾಗಿತ್ತು. ಕೆಳಗಿನ ಬೆಂಕಿಯ ಸದ್ದನ್ನು ನೆಲವೇ ನುಂಗುತ್ತಿತ್ತು. ಅತೀಂದ್ರಿಯ ಏನೂ ಅಲ್ಲ. ಸಾವಿರಾರು ಬೆಂಕಿ ನೋಡಿದ ಕಣ್ಣು ಮತ್ತು ಚರ್ಮ ಲೆಕ್ಕ ಹಾಕಿ ಉತ್ತರವನ್ನು ಮಾತ್ರ ಮನಸ್ಸಿಗೆ ಕಳಿಸಿದ್ದವು. ಲೆಕ್ಕ ಬಿಡಿಸಿದ ಹಾಳೆಯನ್ನು ಕಳಿಸಲಿಲ್ಲ.

ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಕೇಳಿದ ರೀತಿ. "ನಿಮ್ಮ ಅನುಭವ ಹಂಚಿಕೊಳ್ಳಿ" ಅಂದರೆ ಯಾರೇ ಆಗಲಿ ಉಪದೇಶ ಮಾಡುತ್ತಾರೆ. ನಿವೃತ್ತಿ ಸಮಾರಂಭಗಳಲ್ಲಿ ಕೇಳಿಲ್ಲವೇ? ಶ್ರದ್ಧೆಯಿಂದ ಕೆಲಸ ಮಾಡಿ, ಸುರಕ್ಷತೆ ಮರೆಯಬೇಡಿ, ಹಾರ, ತುರಾಯಿ, ಮೈಸೂರು ಪಾಕು. ಮೂವತ್ತೈದು ವರ್ಷದ ಹದ ಆ ಮನುಷ್ಯನ ಜೊತೆಯೇ ಗೇಟು ದಾಟಿ ಹೋಗುತ್ತದೆ. ಕ್ಲೈನ್ ತಂಡ ಹಾಗೆ ಕೇಳಲಿಲ್ಲ. ಕಷ್ಟವಾಗಿದ್ದ ಒಂದೇ ಒಂದು ದಿನದ ಕಥೆ ಹೇಳಿ ಅಂದಿತು. ಕಥೆ ಮುಗಿದ ಮೇಲೆ ಮತ್ತೆ ಮೊದಲಿಂದ, ಈ ಸಲ ನಿಮಿಷ ನಿಮಿಷಕ್ಕೆ ನಿಲ್ಲಿಸಿ: ಆಗ ಏನು ಕಾಣುತ್ತಿತ್ತು? ಏನು ಕೇಳುತ್ತಿತ್ತು? ಏನು ಆಗಬೇಕಿತ್ತು, ಏನು ಆಗಲಿಲ್ಲ? ಮೂರನೇ ಸುತ್ತಿನಲ್ಲಿ ಇನ್ನೊಂದು ಪ್ರಶ್ನೆ: ನಿನ್ನೆ ಕೆಲಸಕ್ಕೆ ಸೇರಿದ ಹುಡುಗ ಅಲ್ಲಿದ್ದರೆ ಎಲ್ಲಿ ಎಡವುತ್ತಿದ್ದ?

ಈ ಕೊನೆಯ ಪ್ರಶ್ನೆ ಬಲು ಚುರುಕು. ತನಗೆ ಏನು ಗೊತ್ತು ಅಂತ ಹೇಳಲಾರದವರೂ, ಹೊಸಬರಿಗೆ ಏನು ಗೊತ್ತಿಲ್ಲ ಅಂತ ಪಟಪಟ ಹೇಳುತ್ತಾರೆ! ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕದ ನರ್ಸ್‌ಗಳನ್ನು ಹೀಗೇ ಕೇಳಿದಾಗ, ಯಾವ ಮಗುವಿಗೆ ನಂಜು ಏರುತ್ತಿದೆ ಅಂತ ರಕ್ತ ಪರೀಕ್ಷೆಗೆ ಮುಂಚೆಯೇ ಅವರಿಗೆ ತಿಳಿಯುವುದು ಹೇಗೆ ಅನ್ನುವುದರ ಪಟ್ಟಿ ಸಿಕ್ಕಿತು. ಅದರಲ್ಲಿ ಹಲವು ಲಕ್ಷಣಗಳು ಆಗಿನ ಪಠ್ಯದಲ್ಲಿ ಇರಲೇ ಇಲ್ಲ.

ಬಾಯಿಗೆ ಬಾರದ್ದು ಒಂದು ಕಡೆ. ಬಾಯಿಗೆ ಬಂದರೂ ಹೇಳದೇ ಇರುವುದು ಇನ್ನೊಂದು ಕಡೆ. ಅದಕ್ಕೆ ಕಾರಣ ಭಯ. ಅಪಾಯದ ಕೆಲಸದಲ್ಲಿ ಒಬ್ಬ ಮನುಷ್ಯ ಕಲಿತದ್ದರಲ್ಲಿ ಅರ್ಧ ಅವನ ತಪ್ಪಿನಿಂದ ಬಂದಿರುತ್ತದೆ. ಹೇಗೆ ಕಲಿತೆ ಅಂತ ಹೇಳಹೊರಟರೆ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೆಮೋ ಕೈಗೆ ಬರುತ್ತದೆ ಅಂದರೆ ಯಾರು ಹೇಳುತ್ತಾರೆ ಸ್ವಾಮಿ?

1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಕಂಪನಿಯ ವಿಮಾನವೊಂದು ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣಕ್ಕೆ ಇಳಿಯುತ್ತಾ ಗುಡ್ಡಕ್ಕೆ ಬಡಿಯಿತು. ಒಳಗಿದ್ದ 92 ಜನರೂ ಸತ್ತರು. ಇಳಿಯಲು ಅನುಮತಿ ಇದೆ ಅಂತ ನಿಯಂತ್ರಕರು ಹೇಳಿದ ಮಾತನ್ನು, ಈಗಲೇ ಕೆಳಗೆ ಬರಬಹುದು ಅಂತ ಪೈಲಟ್‌ಗಳು ಅರ್ಥ ಮಾಡಿಕೊಂಡಿದ್ದರು. ತನಿಖೆಯಲ್ಲಿ ಹೊಟ್ಟೆ ಉರಿಸುವ ಸಂಗತಿ ಹೊರಬಿತ್ತು. ಆರು ವಾರ ಮುಂಚೆ ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ದಾರಿಯಲ್ಲಿ, ಅದೇ ಮಾತನ್ನು ಹಾಗೇ ಅರ್ಥ ಮಾಡಿಕೊಂಡು, ಅದೇ ಗುಡ್ಡದಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ಹೇಳಿದ್ದರು. ಕಂಪನಿ ತನ್ನ ಪೈಲಟ್‌ಗಳಿಗೆ ಹೇಳಿತ್ತು. ಪಕ್ಕದ ಕಂಪನಿಗೆ ಅದು ಮುಟ್ಟಲಿಲ್ಲ.

ಇದಾದ ಮೇಲೆ ಅಮೆರಿಕದ ವಿಮಾನಯಾನ ಇಲಾಖೆ 1975ರಲ್ಲಿ, ನಿಮ್ಮ ಎಡವಟ್ಟುಗಳನ್ನು ಬರೆದು ಕಳಿಸಿ ಅಂತ ಪೈಲಟ್‌ಗಳನ್ನು ಕರೆಯಿತು. ಲೈಸೆನ್ಸ್ ಕಿತ್ತುಕೊಳ್ಳುವ ಇಲಾಖೆಗೇ ತಪ್ಪೊಪ್ಪಿಗೆ ಬರೆಯುವುದೇ? ಪೈಲಟ್‌ಗಳು ನಂಬಲಿಲ್ಲ. 1976ರಲ್ಲಿ ಆ ಕೆಲಸವನ್ನು ನಾಸಾಗೆ ವಹಿಸಿದರು. ನಾಸಾ ಕೈಯಲ್ಲಿ ಯಾರ ಲೈಸೆನ್ಸೂ ಇಲ್ಲ. ಬರೆದವರ ಹೆಸರು ಅಳಿಸಿಬಿಡುತ್ತಾರೆ. ಬೇಕಂತ ಮಾಡಿದ್ದಲ್ಲದಿದ್ದರೆ, ಹತ್ತು ದಿನದೊಳಗೆ ಬರೆದು ಕಳಿಸಿದ್ದರೆ, ದಂಡನೆಯಿಂದಲೂ ವಿನಾಯಿತಿ. ಈವರೆಗೆ ಹತ್ತು ಲಕ್ಷಕ್ಕೂ ಜಾಸ್ತಿ ವರದಿಗಳು ಬಂದಿವೆ. ಬದಲಾದದ್ದು ಫಾರಂ ಅಲ್ಲ, ಅದನ್ನು ತೆಗೆದುಕೊಳ್ಳುವ ಕೈ.

ಹಂಚಿಕೊಳ್ಳದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಫಾಗ್‌ಬ್ಯಾಂಕ್. ಅಮೆರಿಕದ ಅಣ್ವಸ್ತ್ರಗಳಲ್ಲಿ ಬಳಸುವ ಒಂದು ಗುಟ್ಟಿನ ವಸ್ತುವಿನ ಹೆಸರು ಅದು. ಟೆನೆಸಿಯ ಓಕ್ ರಿಜ್‌ನಲ್ಲಿ 1975ರಿಂದ 1989ರವರೆಗೆ ತಯಾರಿಸಿದರು, ಆಮೇಲೆ ನಿಲ್ಲಿಸಿದರು. 2000ದ ನಂತರ ಹಳೆಯ ಸಿಡಿತಲೆಗಳನ್ನು ನವೀಕರಿಸಲು ಅದು ಮತ್ತೆ ಬೇಕಾಯಿತು. ನೋಡಿದರೆ ದಾಖಲೆಗಳು ಕಡಿಮೆ, ಮಾಡುತ್ತಿದ್ದವರು ಹೆಚ್ಚುಕಡಿಮೆ ಎಲ್ಲ ನಿವೃತ್ತರು. 2009ರ ಸರ್ಕಾರಿ ಲೆಕ್ಕಪರಿಶೋಧನಾ ವರದಿ ಇದನ್ನು ಬಯಲು ಮಾಡಿತು. ಹೊಸ ಘಟಕ ಕಟ್ಟಿ, ಹಳೆಯ ವಿಧಾನವನ್ನು ಹಾಗೇ ಅನುಸರಿಸಿದರೂ ಸರಕು ಸರಿ ಬರಲಿಲ್ಲ. ಕಡೆಗೆ ಗೊತ್ತಾದದ್ದು ಇದು: ಹಿಂದೆ ಕಚ್ಚಾ ಸಾಮಗ್ರಿಯಲ್ಲಿ ಒಂದು ಕಲ್ಮಶ ಇರುತ್ತಿತ್ತು, ಸರಕು ಸರಿ ಬರುತ್ತಿದ್ದದ್ದೇ ಅದರಿಂದ. ಈಗಿನ ಸುಧಾರಿತ ಶುದ್ಧೀಕರಣ ಅದನ್ನು ತೆಗೆದುಹಾಕುತ್ತಿತ್ತು. ಹಳಬರಿಗೂ ಇದು ಗೊತ್ತಿರಲಿಲ್ಲ! ಅವರ ತಿಳಿವಳಿಕೆ ತಲೆಯಲ್ಲಿ ಇರಲಿಲ್ಲ, ಕೈಯಲ್ಲೂ ಇರಲಿಲ್ಲ, ಆ ಕಾರ್ಖಾನೆಯ ಕೊಳೆಯಲ್ಲಿತ್ತು. ನಮ್ಮಜ್ಜಿಯ ಉಪ್ಪಿನಕಾಯಿ ಆ ಹಳೆ ಜಾಡಿಯಲ್ಲೇ ಯಾಕೆ ಸರಿ ಬರುತ್ತಿತ್ತು ಅನ್ನುವುದು ನನಗೆ ಇದನ್ನು ಓದಿದ ಮೇಲೆ ಅರ್ಥವಾಯಿತು.

ಇಷ್ಟೆಲ್ಲ ಹೇಳಿ, ಹಳಬರ ಕೈಯೇ ದೇವರು ಅಂತ ಅಡ್ಡಬೀಳಬೇಕು ಅಂತಲ್ಲ. ಕೈಗೆ ಹತ್ತಿದ್ದೆಲ್ಲ ಹದ ಆಗುವುದಿಲ್ಲ. ಕೆಲವು ಬರೀ ಚಟ. 1999ರ ಸೆಪ್ಟೆಂಬರ್ 30ರಂದು ಜಪಾನಿನ ತೋಕಾಯಿಮುರಾದ ಅಣು ಇಂಧನ ಘಟಕದಲ್ಲಿ ಮೂವರು ಕೆಲಸಗಾರರು ಯುರೇನಿಯಂ ದ್ರಾವಣವನ್ನು ಸ್ಟೀಲ್ ಬಕೆಟ್‌ನಿಂದ ತೊಟ್ಟಿಗೆ ಸುರಿಯುತ್ತಿದ್ದರು. ಉದ್ದನೆಯ, ಸಪೂರ ಕೊಳವೆಯಂಥ ಪಾತ್ರೆಯ ಮೂಲಕ ಹೋಗಬೇಕಿದ್ದ ದ್ರಾವಣ ಅದು. ಬಕೆಟ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ ಅನ್ನುವುದು ಆ ಘಟಕದಲ್ಲಿ ಕೈಯಿಂದ ಕೈಗೆ ದಾಟಿ ಬಂದಿದ್ದ ಉಪಾಯ. ಪಾತ್ರೆ ಯಾಕೆ ಅಷ್ಟು ಸಪೂರ ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಯುರೇನಿಯಂ ಒಂದೇ ಕಡೆ ಗುಡ್ಡೆಯಾದರೆ ಸರಪಳಿ ಕ್ರಿಯೆ ತಾನಾಗಿ ಹತ್ತಿಕೊಳ್ಳುತ್ತದೆ, ಸಪೂರ ಆಕಾರ ಅದನ್ನು ತಡೆಯುತ್ತದೆ. ತೊಟ್ಟಿಯ ಮಿತಿ 2.4 ಕಿಲೋ. ಅವತ್ತು ಸೇರಿದ್ದು 16 ಕಿಲೋಗೂ ಮೀರಿ. ನೀಲಿ ಬೆಳಕು ಮಿಂಚಿತು. ಮೂವರಲ್ಲಿ ಇಬ್ಬರು ತಿಂಗಳುಗಟ್ಟಲೆ ನರಳಿ ಸತ್ತರು.

ಹಾಗಂತ ಹದ ಬಲ್ಲವರು ಪಕ್ಕದಲ್ಲಿ ಇಲ್ಲದಿದ್ದರೂ ಅಪಾಯವೇ. ತೋಕಾಯಿಮುರಾಕ್ಕೆ ಒಂದು ವರ್ಷ ಮುಂಚೆ, 1998ರ ಸೆಪ್ಟೆಂಬರ್ 25ಕ್ಕೆ, ಆಸ್ಟ್ರೇಲಿಯಾದ ಲಾಂಗ್‌ಫರ್ಡ್ ಗ್ಯಾಸ್ ಘಟಕದಲ್ಲಿ ಸ್ಫೋಟವಾಗಿ ಇಬ್ಬರು ಸತ್ತರು. ಬಿಸಿ ಎಣ್ಣೆ ಹರಿಯುವುದು ನಿಂತು ಒಂದು ಪಾತ್ರೆ ಸೊನ್ನೆಗಿಂತ ನಲವತ್ತು ಡಿಗ್ರಿಗೂ ಕೆಳಕ್ಕೆ ಇಳಿದು, ಹೊರಗೆ ಹಿಮ ಕಟ್ಟಿತ್ತು. ಅಷ್ಟು ತಣ್ಣಗಾದ ಉಕ್ಕು ಗಾಜಿನ ಹಾಗೆ. ಅದಕ್ಕೆ ಮತ್ತೆ ಬಿಸಿ ಎಣ್ಣೆ ಬಿಟ್ಟರು, ಸೀಳಿತು. ಘಟಕದ ಎಂಜಿನಿಯರ್‌ಗಳನ್ನು 1992ರಲ್ಲೇ ಮೆಲ್ಬರ್ನ್ ಕಚೇರಿಗೆ ಸ್ಥಳಾಂತರಿಸಿದ್ದರು. ಆ ಹಿಮ ನೋಡಿ "ಏ, ನಿಲ್ಲಿಸಿ" ಅನ್ನಬಲ್ಲವರು ಪಕ್ಕದಲ್ಲಿ ಇರಲಿಲ್ಲ. ಕಂಪನಿ ಆಪರೇಟರ್ ಮೇಲೆ ತಪ್ಪು ಹೊರಿಸಿತು, ತನಿಖಾ ಆಯೋಗ ಅದನ್ನು ಒಪ್ಪಲಿಲ್ಲ.

ಹಾಗಾದರೆ ಯಾರ ಹದವನ್ನು ನಂಬಬೇಕು? ಇದೇ ಗ್ಯಾರಿ ಕ್ಲೈನ್, ಜನರ ಅಂದಾಜುಗಳನ್ನು ಯಾವಾಗಲೂ ಸಂಶಯದಿಂದ ನೋಡುತ್ತಿದ್ದ ಮನೋವಿಜ್ಞಾನಿ ಡ್ಯಾನಿಯಲ್ ಕಾಹ್ನೆಮನ್ ಜೊತೆ ಕೂತು 2009ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು. ಮಾಡಿದ್ದು ಸರಿಯೋ ತಪ್ಪೋ ಅಂತ ಬೇಗ ಗೊತ್ತಾಗುತ್ತಿರಬೇಕು. ಎರಡೂ ಇದ್ದರೆ ಕೈ ನಿಜವಾಗಿ ಕಲಿಯುತ್ತದೆ. ಅಡಿಕೆ ಮರ ತಕ್ಷಣ ಉತ್ತರ ಕೊಡುತ್ತದೆ, ಸಲಾಕೆಗೆ ಬಂಡೆಯೂ ಕೊಡುತ್ತದೆ. ಅಣು ಇಂಧನ ಘಟಕ ಕೊಡುವುದಿಲ್ಲ. ಅಲ್ಲಿ ನೂರು ಸಲ ಬಕೆಟ್ ಬಳಸಿದರೂ ಏನೂ ಆಗದೇ ಇರಬಹುದು, ಆ ನೂರು ಸಲವೂ ಕೈ ತಪ್ಪು ಪಾಠವನ್ನೇ ಕಲಿಯುತ್ತದೆ. ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಎಂಜಿನ್‌ಗೆ ಬೆಂಕಿ ಹತ್ತಿಸುವುದು ಇದಕ್ಕೇ. ನಿಜದಲ್ಲಿ ಸಿಗದ ಉತ್ತರವನ್ನು ಅಲ್ಲಿ ಕೃತಕವಾಗಿ ಕೊಡಬೇಕು.

ನಮ್ಮ ಊರಿನ ಮಟ್ಟಕ್ಕೆ ಬಂದರೆ ನೆನಪಾಗುವುದು ಲೈನ್‌ಮನ್‌ಗಳು. ಕಂಬ ಹತ್ತುವ ಮೊದಲು ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ ಅನ್ನುವ ಖಾತ್ರಿ, ತೆಗೆದುಕೊಳ್ಳಬೇಕು, ತಂತಿಯನ್ನು ಅರ್ತ್ ಮಾಡಬೇಕು, ಇದು ನಿಯಮ. ಯಾವ ಮನೆಯಲ್ಲಿ ಜನರೇಟರನ್ನು ಚೇಂಜ್ ಓವರ್ ಸ್ವಿಚ್ ಇಲ್ಲದೆ ನೇರ ಜೋಡಿಸಿದ್ದಾರೆ, ಕರೆಂಟ್ ಹೋದ ಕೂಡಲೇ ಯಾವ ಕಡೆಯಿಂದ ತಂತಿಗೆ ವಾಪಸ್ ವಿದ್ಯುತ್ ಹರಿಯಬಹುದು, ಇದು ಯಾವ ನಕ್ಷೆಯಲ್ಲೂ ಇಲ್ಲ. ಹತ್ತು ವರ್ಷ ಅದೇ ಊರು ಸುತ್ತಿದ ಲೈನ್‌ಮನ್‌ಗೆ ಗೊತ್ತಿರುತ್ತದೆ. ಅವನಿಗೆ ವರ್ಗ ಆಗುತ್ತದೆ. ಬರುವ ಹುಡುಗ ಗುತ್ತಿಗೆಯವನು, ಮುಂದಿನ ವರ್ಷ ಇರುತ್ತಾನೋ ಇಲ್ಲವೋ. ಇಬ್ಬರೂ ಒಟ್ಟಿಗೆ ಒಂದು ತಿಂಗಳು ಓಡಾಡಲಿ ಅಂದರೆ, ಒಂದು ಕೆಲಸಕ್ಕೆ ಎರಡು ಸಂಬಳವೇ ಅಂತ ಕಚೇರಿಯ ಲೆಕ್ಕ ಅಡ್ಡ ಬರುತ್ತದೆ. ಹದ ದಾಟಿಸುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗಂತೂ ಕಂಡಿಲ್ಲ.

ಇಷ್ಟು ಓದಿಕೊಂಡು ಈ ವರ್ಷ ಕೊಯ್ಲಿಗೆ ಬಂದ ಕೊನೆಗಾರರನ್ನು ಮತ್ತೆ ಹಿಡಿದೆ. ಈ ಸಲ "ಹೇಗೆ ಗೊತ್ತಾಯಿತು" ಅಂತ ಕೇಳಲಿಲ್ಲ. ಹೋದ ವರ್ಷ ಆ ಮರ ಎಳೆದಿರಲ್ಲ, ಎಳೆದಾಗ ಕೈಗೆ ಏನಾಯಿತು ಅಂತ ಕೇಳಿದೆ. "ಸಲೀಸಾಗಿ ಬಂತು." ಸಲೀಸು ಅಂದರೆ? "ಅಷ್ಟು ದಪ್ಪದ ಮರ ಅಷ್ಟು ಸಲೀಸಾಗಿ ಬರಬಾರದು. ಬಿಟ್ಟಾಗ ವಾಪಸ್ ಹೋದದ್ದೂ ನಿಧಾನ. ಒಳ್ಳೆ ಮರ ಬಿಟ್ಟರೆ ಚಟ್ಟಂತ ಹೋಗಿ ಎರಡು ಸಲ ತೂಗ್ತದೆ. ಇದು ಸೋಮಾರಿ ಹಾಗೆ ಹೋಯ್ತು." ಹೊಸಬ ಆಗಿದ್ದರೆ? "ಸಲೀಸಾಗಿ ಬಂತು ಅಂತ ಖುಷಿಯಲ್ಲಿ ದಾಟ್ತಿದ್ದ!" ತಾವೇ ಹೇಳಿದ್ದನ್ನು ಕೇಳಿ ಅವರಿಗೇ ಆಶ್ಚರ್ಯ. ನಾವಿಬ್ಬರೂ ಹೋಗಿ ಆ ಮರವನ್ನು ನೋಡಿದೆವು. ನೈಋತ್ಯದ ಬಿಸಿಲು ಹೊಡೆಯುವ ಬದಿಯಲ್ಲಿ, ಎರಡಾಳೆತ್ತರದಲ್ಲಿ, ಕಾಂಡ ಉದ್ದಕ್ಕೆ ಸೀಳಿ ಒಳಗೆ ಕೊಳೆತಿತ್ತು.

ನಾನು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು ಓದಿ ಹೇಳಿದೆ. ಅವರು ನಕ್ಕರು. ನೇಣು ಹಿಡಿಯುವ ಹುಡುಗ ಈ ವರ್ಷ ಮರ ಹತ್ತಲು ಶುರು ಮಾಡಿದ್ದಾನೆ. ಅವನನ್ನು ಕರೆದು ಆ ಮರದ ಪಕ್ಕದ ಗಟ್ಟಿ ಮರಕ್ಕೆ ಹತ್ತಿಸಿದರು. "ದಾಟಬೇಡ. ಸುಮ್ನೆ ಎಳೆ. ಬಿಡು. ಇನ್ನೊಮ್ಮೆ ಎಳೆ." ಹುಡುಗ ಎಳೆದ, ಬಿಟ್ಟ. "ಈಗ ಆಚೆ ಬದಿದು ಎಳೆ." ಹುಡುಗ ಎಳೆದು, ಬಿಟ್ಟು, ಕೆಳಗೆ ನೋಡಿ ಹಲ್ಲು ಕಿರಿದ. "ಹಾಂ" ಅಂದರು ಇವರು, ಮರ ಹತ್ತಲು ಕಾಲಿಗೆ ಹಾಕುವ ತಳೆ ಕೈಗೆತ್ತಿಕೊಂಡು ಮುಂದಿನ ಸಾಲಿಗೆ ನಡೆದರು.